ಸುಕ್ಕಿಗೂ ಸುರು ಆಗೈತಂತ

ನಮ್ಮ ಮನೆಯಲ್ಲಿ ಕುರುಡು ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ಅದು ಅಜ್ಜನ ಕಾಲದ ಕಟ್ಟಪ್ಪಣೆ. ಕಣ್ಣು ಹೋದವರನ್ನು ‘ಹೊತ್ತು ಇಳಿದೈತಿ’ ಅನ್ನಬೇಕು. ಕೇಳಿದ ಹೊರಗಿನವರು ಸಂಜೆಯಾದ ಸುದ್ದಿ ಇರಬೇಕು ಎಂದುಕೊಳ್ಳಲಿ ಎಂಬುದು ಅಜ್ಜನ ಉಪಾಯ. ಹೊರಗಿನವರು ಅಷ್ಟೇನೂ ದಡ್ಡರಾಗಿರಲಿಲ್ಲ. ಹೂವಿನಹಡಗಲಿಯಲ್ಲಿ ಯಾರನ್ನಾದರೂ ನಿಲ್ಲಿಸಿ, “ಕುರುಡು ಹೂಗಾರರ ಮನಿ ಎಲ್ಲೈತ್ರಿ?” ಎಂದರೆ ಸಾಕು, ಬಸ್ ಸ್ಟ್ಯಾಂಡಿನಿಂದ ನಮ್ಮ ಬಾಗಿಲಿಗೇ ತಂದು ಬಿಡುತ್ತಿದ್ದರು.

ಅಜ್ಜನಿಗೆ ಇಳಿಯಿತು. ದೊಡ್ಡಪ್ಪ ಶಿವಯೋಗಪ್ಪನಿಗೆ ಇಳಿಯಿತು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಪಾಲಾಕ್ಷಪ್ಪನಿಗೂ ಪೂರ್ತಿ ಇಳಿಯಿತು. ಹಣೆಯಲ್ಲೂ ಕಣ್ಣಿರುವ ದೇವರ ಹೆಸರನ್ನು ಅಪ್ಪನಿಗೆ ಇಟ್ಟವನು ಅಜ್ಜನೇ. ಒಂದಾದರೂ ಉಳಿಯಲಿ ಎಂದಿರಬೇಕು. ಎಲ್ಲರಿಗೂ ಅದು ಬರುವ ರೀತಿ ಒಂದೇ. ಮೊದಲು ಮುಸ್ಸಂಜೆಯಲ್ಲಿ ದಾರಿ ಕಾಣಿಸುವುದಿಲ್ಲ. ಆಮೇಲೆ ಪಕ್ಕದಲ್ಲಿ ನಿಂತವರು ಕಾಣಿಸುವುದಿಲ್ಲ. ಕೊನೆಗೆ ಎದುರಿಗಿದ್ದದ್ದೂ ಇಲ್ಲ. ಕೊಟ್ಟೂರಿನಲ್ಲಿ ಕಣ್ಣಿನ ಶಿಬಿರ ನಡೆದಾಗ ಡಾಕ್ಟರು ಅಪ್ಪನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಇದು ಕಣ್ಣ ಹಿಂದಿನ ಪರದೆ ಒಣಗುವ ಕಾಯಿಲೆ, ರಕ್ತದಲ್ಲಿ ಬರುವಂಥದ್ದು, ಔಷಧ ಇಲ್ಲ ಎಂದಿದ್ದರು. ಅಪ್ಪನ ಕೈ ಹಿಡಿದುಕೊಂಡು ನಾನೂ ಅಲ್ಲೇ ನಿಂತಿದ್ದೆ. ರಕ್ತ ಎಂದರೆ ಅದರಲ್ಲಿ ನನ್ನದೂ ಸೇರಿತು ಎಂದು ತಿಳಿಯಲು ಹೆಚ್ಚು ಓದಬೇಕಿರಲಿಲ್ಲ.

ಅಪ್ಪ ಅವ್ವ ಮಾತ್ರ ನನಗೇನೂ ಗೊತ್ತಿಲ್ಲ ಎಂದೇ ತಿಳಿದಿದ್ದರು. ಯಾರೂ ಆಡದ ಮಾತು ಮಗುವಿನ ಕಿವಿಗೆ ಬೀಳುವುದು ಹೇಗೆ ಎಂದು ಅವರ ಧೈರ್ಯ. ದೊಡ್ಡವರಿಗೆ ಇಂಥ ಧೈರ್ಯ ಎಲ್ಲಿಂದ ಬರುತ್ತದೋ ನನಗಂತೂ ತಿಳಿಯದು. ಕಣ್ಣಿಲ್ಲದವರ ನಡುವೆ ಬೆಳೆಯುವ ಹುಡುಗಿ ಬೇರೇನು ಯೋಚನೆ ಮಾಡುತ್ತಾಳೆ?

ದೊಡ್ಡಪ್ಪನ ಮಗಳು ಸುಮಲತಾ ನನ್ನ ಓರಗೆಯವಳು. ಅವಳನ್ನು ಹೆತ್ತ ದೊಡ್ಡವ್ವ ಬೇಗ ತೀರಿಕೊಂಡಿದ್ದರಿಂದ ನನ್ನವ್ವ ಕೊಟ್ರಮ್ಮನೇ ಇಬ್ಬರಿಗೂ ಜಡೆ ಹಾಕಿ, ಇಬ್ಬರಿಗೂ ಒಂದೇ ಕೈಯಲ್ಲಿ ಬಾರಿಸಿ ಬೆಳೆಸಿದಳು. ನಾವಿಬ್ಬರೂ ಕದ್ದು ಮುಚ್ಚಿ ತಯಾರಿ ನಡೆಸಿದ್ದೆವು. ಅಪ್ಪ, ದೊಡ್ಡಪ್ಪ ಪಡಸಾಲೆಯಲ್ಲಿ ಕೂತು ಬೆರಳಿನಲ್ಲೇ ಮೊಗ್ಗಿನ ತೊಟ್ಟು ಗುರುತು ಹಿಡಿದು ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದರಲ್ಲ, ಹಿತ್ತಲಲ್ಲಿ ನಾವೂ ಕಣ್ಣು ಮುಚ್ಚಿ ಕಟ್ಟುತ್ತಿದ್ದೆವು. ಕಣ್ಣು ಮುಚ್ಚಿಯೇ ಒಲೆ ಹಚ್ಚುವುದನ್ನೂ ಕಲಿತೆವು. ಅದಕ್ಕೆ ಸುಮಿಯ ಲಂಗದ ಅಂಚು ಒಂದಿಷ್ಟು ಸುಟ್ಟಿತು. ಮುಂದೆ ಇಬ್ಬರಿಗೂ ಕೂಡಿಯೇ ಇಳಿಯಬೇಕು, ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗಬೇಕು, ಅವರೇನಾದರೂ ಬಿಟ್ಟುಹೋದರೆ ಇಬ್ಬರೂ ಹೂ ಕಟ್ಟಿಕೊಂಡು ಇರಬೇಕು ಎಂದು ಮಾತಾಗಿತ್ತು. ಸುಮಿ ಜೊತೆಗಿದ್ದಾಳೆ ಎಂಬ ಒಂದೇ ಕಾರಣಕ್ಕೆ ಆ ಹೆದರಿಕೆಯಲ್ಲೂ ನಾನು ನಗುನಗುತ್ತ ಬೆಳೆದೆ.

ಪಿಯುಸಿ ಮುಗಿಸಿದ ವರ್ಷ, ಅಂದರೆ ಎರಡು ಸಾವಿರದ ಒಂದರಲ್ಲಿ, ನನಗೆ ಹರಪನಹಳ್ಳಿಯಲ್ಲಿ ಟಿ.ಸಿ.ಎಚ್. ಸೀಟು ಸಿಕ್ಕಿತು. ಓದಿ ಮುಗಿಸಿದರೆ ಮೇಷ್ಟ್ರ ಕೆಲಸ. ಓಣಿಯವರೆಲ್ಲ ಬಾಯಿಗೆ ಸಕ್ಕರೆ ಹಾಕಿ ಹೋದರು. ನಾನು ಮಾತ್ರ ಹೋಗುವುದಿಲ್ಲ ಎಂದು ಕೂತೆ. ಯಾಕೆಂದು ಹೇಳಲಿಲ್ಲ. ಅವ್ವ ಬೈದಳು, ಊಟ ಬಿಟ್ಟಳು, ಪಕ್ಕದ ಮನೆಯ ನಾಗಕ್ಕನಿಂದ ಹೇಳಿಸಿದಳು. ನಾನು ಜಗ್ಗಲಿಲ್ಲ.

ದಾವಣಗೆರೆ ಮಾರ್ಕೆಟ್ಟಿಗೆ ಹೂವಿನ ಬುಟ್ಟಿ ಒಯ್ಯುವುದು ಅವ್ವನ ಕೆಲಸ. ಒಂದು ದಿನ ನನ್ನನ್ನೂ ಜೊತೆಗೆ ಎಳೆದುಕೊಂಡು ಹೋದಳು. ಹೂ ಕೊಟ್ಟು ವಾಪಸು ಬರುವಾಗ ಹರಪನಹಳ್ಳಿಯಲ್ಲಿ ಬಸ್ಸಿಂದ ಇಳಿಸಿದಳು.

“ಕಾಲೇಜಾರ ನೋಡು ಬಾ. ನೋಡಿದ ಮ್ಯಾಲ ಒಲ್ಲೆ ಅನ್ನು.”

ಕಾಲೇಜಿನ ಎದುರಿಗೆ ಬೇವಿನ ಮರದ ಕಟ್ಟೆಯಿತ್ತು. ಖಾಲಿ ಬುಟ್ಟಿಗಳನ್ನು ಇಟ್ಟುಕೊಂಡು ಕೂತೆವು. ಒಂದೇ ಬಣ್ಣದ ಸೀರೆಯುಟ್ಟ ಹುಡುಗಿಯರು ಚಾರ್ಟು ಸುರುಳಿ ಸುತ್ತಿಕೊಂಡು ಗೇಟು ದಾಟಿ ಹೋಗುತ್ತಿದ್ದರು. ನನಗೂ ಆ ಸೀರೆ ಬೇಕಿತ್ತು, ಆ ಚಾರ್ಟು ಬೇಕಿತ್ತು. ಬೇಡ ಎಂದು ಯಾವತ್ತೂ ಅನಿಸಿರಲಿಲ್ಲ.

“ಈಗರ ಹೇಳು, ಯಾಕ ಒಲ್ಲಿ?” ಎಂದಳು ಅವ್ವ.

“ಕಣ್ಣು ಹೋದ ಮ್ಯಾಲ ಬೋರ್ಡ್ ಮ್ಯಾಲ ಏನು ಬರೀಲಿ ಯವ್ವಾ? ಹುಡುಗ್ರು ನಕ್ರ ಯಾರು ನಕ್ರು ಅಂತ ಹೆಂಗ ಹೇಳ್ಲಿ?”

ಅವ್ವ ನನ್ನ ಮುಖವನ್ನೇ ನೋಡಿದಳು. “ಯಾರ ಕಣ್ಣು?”

“ಇನ್ಯಾರದು? ನಂದು. ನಮ್ಮ ಮನ್ಯಾಗ ಎಲ್ಲಾರಿಗೂ ಹೋಗ್ಯಾವ. ನನ್ನವು ಉಳೀತಾವೇನು?”

“ಯಾವಾಗಿಂದ ಹಂಗ ಅನ್ಕೊಂಡೀ?”

“ತಿಳಿವಳಿಕಿ ಬಂದಾಗಿಂದ.”

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳು ಅಳುವುದನ್ನು ನಾನು ನೋಡಿದ್ದು ಕಡಿಮೆ. ಬಯ್ಯುವುದೇ ಅವಳ ಜಾಯಮಾನ. ಅಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಗೇಟಿನ ಹುಡುಗಿಯರು ತಿರುಗಿ ನೋಡಿದರು.

“ನಿನಗ ಅದು ಬರಂಗಿಲ್ಲ ಮಗಳ,” ಎಂದಳು ಆಮೇಲೆ. “ಬರಬಾರ್ದು ಅಂತನ ನಿನ್ನ ಹಂಗ ಹಡದ್ವಿ.”

ಅವ್ವ ಹೇಳಿದ್ದು ಇಷ್ಟು. ಮದುವೆಯಾದ ಎರಡನೇ ವರ್ಷಕ್ಕೆ ಅಪ್ಪನಿಗೆ ಮುಸ್ಸಂಜೆ ದಾರಿ ತಪ್ಪತೊಡಗಿತು. ತನ್ನ ಅಪ್ಪನದನ್ನು, ಅಣ್ಣನದನ್ನು ಕಂಡವನು, ಈ ಕಾಯಿಲೆಯನ್ನು ಇನ್ನೊಂದು ಜೀವಕ್ಕೆ ಕೊಡುವುದಿಲ್ಲ ಎಂದುಬಿಟ್ಟ. ಬಸುರಾಗದ ಸೊಸೆಯ ಬಗ್ಗೆ ಓಣಿ ಸುಮ್ಮನಿರುತ್ತದೆಯೇ? ಹುಬ್ಬಳ್ಳಿಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆಂದು ಯಾರಿಂದಲೋ ತಿಳಿದುಕೊಂಡು ಅಪ್ಪನೇ ಅವ್ವನನ್ನು ಕರೆದುಕೊಂಡು ಹೋದ. ಬೇರೆ ಒಬ್ಬ ಗಂಡಸಿನ ಬೀಜವನ್ನು ಆಸ್ಪತ್ರೆಯಲ್ಲೇ ಗರ್ಭಕ್ಕೆ ಸೇರಿಸುತ್ತಾರೆ, ಕೊಟ್ಟವರ ಮುಖ ಇವರಿಗೆ ಗೊತ್ತಿಲ್ಲ, ಇವರ ಮುಖ ಅವರಿಗೆ ಗೊತ್ತಿಲ್ಲ.

“ಗಂಡಸರ ನೆಳ್ಳೂ ನನ್ನ ಮ್ಯಾಲ ಬೀಳಲಿಲ್ಲ ಯವ್ವಾ. ನರ್ಸಮ್ಮ ಇದ್ಲು, ಡಾಕ್ಟ್ರಮ್ಮ ಇದ್ರು. ಇಂಜೆಕ್ಷನ್ ಮಾಡಿದಂಗ ಮಾಡಿದ್ರು, ಅಷ್ಟ. ನಿಮ್ಮಪ್ಪ ಬಾಗಲ ಹೊರಗ ಕುಂತಿದ್ರು.”

“ಯಾರು ಆತ?”

“ಗೊತ್ತಿಲ್ಲ. ಅವ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಡಾಕ್ಟ್ರು ಓದೋ ಹುಡುಗ್ರು ಕೊಡ್ತಿದ್ರಂತ.”

“ನನಗ್ಯಾಕ ಹೇಳಲಿಲ್ಲ?”

“ನೀ ಹುಟ್ಟಿದ ಮ್ಯಾಲ ನಿಮ್ಮಪ್ಪ ಕೊಟ್ಟೂರು ಸ್ವಾಮಿ ಮುಂದ ಆಣಿ ಮಾಡಿಸ್ಕೊಂಡ್ರು. ಈಕಿ ನನ್ನ ಮಗಳು, ಇಲ್ಲಿಗೆ ಈ ಮಾತು ಮುಗೀತು ಅಂದ್ರು. ನಾ ಹೇಳೀನಿ ಅಂತ ಅವ್ರಿಗೆ ಗೊತ್ತಾಗಬಾರ್ದು. ಜೀವ ಬಿಡ್ತಾರ.”

ನನಗೆ ಮೊದಲು ಬಂದದ್ದು ಸಿಟ್ಟು. ಕಣ್ಣು ಉಳಿಯಲಿ ಎಂದು ಇಷ್ಟೆಲ್ಲ ಮಾಡಿ ಹೆತ್ತ ಮಗಳು ಹಾಸಿಗೆಯಲ್ಲಿ ಮಲಗಿ ದಿನಾ ಕಣ್ಣುಜ್ಜಿ ಗೋಡೆ ಇನ್ನೂ ಕಾಣುತ್ತದೆಯೇ ಎಂದು ನೋಡಿಕೊಂಡು ಬೆಳೆದಳು. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಆ ಹೆದರಿಕೆ ಅವತ್ತೇ ಹೋಗುತ್ತಿತ್ತು. ಆದರೆ ಕಣ್ಣು ಉಳಿಯುತ್ತದೆ ಎಂದು ಹೇಳಬೇಕಾದರೆ ಹುಬ್ಬಳ್ಳಿಯದನ್ನೂ ಹೇಳಬೇಕಾಗುತ್ತಿತ್ತು. ಎಂಥ ಬುದ್ಧಿವಂತಿಕೆ! ಉಪಕಾರ ಮಾಡಿ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು.

ಬಸ್ಸು ಹತ್ತಿದೆವು. ಹೊರೆ ಇಳಿಸಿದ ಅವ್ವ ಚಿಗಟೇರಿ ಬರುವಷ್ಟರಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು. ನಾನು ಬಸ್ಸಿನಲ್ಲಿದ್ದ ಗಂಡಸರನ್ನು ನೋಡುತ್ತ ಕೂತೆ. ಅಪ್ಪನ ವಯಸ್ಸಿನ ಒಬ್ಬೊಬ್ಬರ ಮೂಗು, ಗದ್ದ, ಕಿವಿ. ನನ್ನ ಕಿವಿಯ ತುದಿ ಸ್ವಲ್ಪ ಮಡಿಚಿಕೊಂಡಿದೆ. ನಮ್ಮ ಮನೆಯಲ್ಲಿ ಯಾರದೂ ಹಾಗಿಲ್ಲ. ಒಬ್ಬ ಯಜಮಾನರು ನಾನು ಹಾಗೆ ನೋಡುವುದು ಕಂಡು ಮುಜುಗರಪಟ್ಟು ಕಿಟಕಿಯ ಕಡೆ ತಿರುಗಿದರು. ಕಣ್ಣು ಉಳಿಯಿತು ಎಂದು ಮನಸ್ಸು ಹಗುರವಾಗಬೇಕಿತ್ತು. ಆಗಲಿಲ್ಲ. ಆ ಹೆದರಿಕೆಯೇ ನನ್ನನ್ನು ಅಪ್ಪ, ದೊಡ್ಡಪ್ಪ, ಸುಮಿಯ ಸಾಲಿನಲ್ಲಿ ಕೂರಿಸಿತ್ತು. ಈಗ ಅವರೆಲ್ಲ ಒಂದು ಕಡೆ, ನಾನೊಬ್ಬಳೇ ಒಂದು ಕಡೆ.

ಮನೆಗೆ ಬಂದಾಗ ಅಪ್ಪ ಪಡಸಾಲೆಯಲ್ಲಿ ಕೂತು ಪತ್ರಿ ಆರಿಸುತ್ತಿದ್ದ. “ಸುಕ್ಕಿ ಬಂದ್ಯಾ? ಕಾಲೇಜು ನೋಡಿದ್ಯಾ?” ಎಂದ. ನನ್ನ ಹೆಜ್ಜೆ ಅವನಿಗೆ ಗೊತ್ತು. ಹೂಂ ಎಂದು ಒಳಗೆ ಹೋದೆ. ಅದಕ್ಕಿಂತ ಹೆಚ್ಚು ಆಡಿದರೆ ದನಿಯಲ್ಲೇ ಹಿಡಿದುಬಿಡುತ್ತಿದ್ದ. ಅವ್ವನ ಜೊತೆ ಇನ್ನೊಮ್ಮೆ ಆ ಮಾತು ತೆಗೆಯಲು ಹೋದೆ. ಒಗ್ಗರಣೆಗೆ ಸಾಸಿವೆ ಹಾಕಿ, “ಹೇಳಿ ಆತಲ್ಲ, ಇನ್ನೇನೈತಿ,” ಎಂದಳು. ಅವಳ ಪಾಲಿಗೆ ಅದು ಮುಗಿದಿತ್ತು. ಅಷ್ಟು ಜನರಿದ್ದ ಮನೆಯಲ್ಲಿ ನನಗೆ ಮಾತಾಡಲು ಯಾರೂ ಇರಲಿಲ್ಲ. ಸುಮಿಗೆ ಹೇಳದ ಗುಟ್ಟು ನನ್ನ ಹತ್ತಿರ ಅಲ್ಲಿಯ ತನಕ ಒಂದೂ ಇರಲಿಲ್ಲ.

ಎರಡು ದಿನ ಬಿಟ್ಟು ಸಂಜೆ ಸುಮಿ ಹಿತ್ತಲಲ್ಲಿ ನೀರಿನ ಕೊಡಪಾನಕ್ಕೆ ಎಡವಿ ಬಿದ್ದಳು. ನಾನು ಓಡಿದೆ. ಮೊಣಕಾಲು ತರಚಿತ್ತು. ಅವಳು ನೆಲದ ಮೇಲೆ ಕೂತೇ ನಕ್ಕಳು.

“ನಂದು ಸುರು ಆತಲೇ ಸುಕ್ಕಿ. ಬ್ಯಾಸಗಿಯಿಂದ ಹಿಂಗ ಐತಿ. ಯಾರಿಗೂ ಹೇಳಿಲ್ಲ. ನಿಂದು?”

ನಗುತ್ತಿದ್ದರೂ ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದಿದ್ದಳು. ಆಗ ನಾನು ಯೋಚನೆ ಮಾಡಲಿಲ್ಲ. ಮಾಡಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ.

“ನಂದೂ ಸುರು ಆಗೈತಿ,” ಎಂದೆ.

ಸುಮಿ ಉಸಿರು ಬಿಟ್ಟಳು. ಅವಳ ಉಗುರು ಸಡಿಲಾಯಿತು. “ಸದ್ಯ,” ಎಂದಳು. ಹೀಗೆ ಅನ್ನಬಾರದಿತ್ತು ಎಂದು ಆಮೇಲೆ ಹೊಳೆದು ನನ್ನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ. ಅವಳು ನನ್ನ ಕಣ್ಣಿಗಾಗಿ ಅಳುತ್ತಿದ್ದಳು, ನಾನು ಅವಳದಕ್ಕಾಗಿ.

ಸುಳ್ಳು ಹೇಳುವುದು ಸುಲಭ, ಅದನ್ನು ಸಾಕುವುದು ಕಷ್ಟ. ಅವತ್ತಿನಿಂದ ಸಂಜೆಯಾದರೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ನಡೆಯತೊಡಗಿದೆ. ಚೆಂಬು ಎದುರಿಗಿದ್ದರೂ ನೆಲ ತಡಕಿದೆ. ಚಿಕ್ಕಂದಿನಿಂದ ತಯಾರಿ ಇತ್ತಲ್ಲ, ಎಲ್ಲವೂ ಅಚ್ಚುಕಟ್ಟಾಗಿ ಬಂತು. ನಾಚಿಕೆಯ ಮಾತು, ಆದರೂ ಹೇಳುತ್ತೇನೆ: ಆ ನಾಲ್ಕಾರು ದಿನ ನನಗೆ ಮತ್ತೆ ಮನೆಯವಳಾದಂತೆ ಅನಿಸಿತ್ತು.

ಸುಮಿಯ ಬಾಯಲ್ಲಿ ಮಾತು ನಿಲ್ಲುವುದು ಅಷ್ಟರಲ್ಲೇ ಇದೆ. ಅವ್ವ ದಾವಣಗೆರೆಗೆ ಹೋಗಿದ್ದ ದಿನ ಮಧ್ಯಾಹ್ನದ ಮೇಲೆ ಪಡಸಾಲೆಯಲ್ಲಿ ದೊಡ್ಡಪ್ಪನಿಗೆ ತನ್ನದನ್ನು ಹೇಳುತ್ತ ನನ್ನದನ್ನೂ ಹೇಳಿಬಿಟ್ಟಳು. “ನನಗೊಬ್ಬಾಕಿಗೇ ಅಲ್ಲಪ್ಪಾ, ಸುಕ್ಕಿಗೂ ಸುರು ಆಗೈತಂತ,” ಎಂದದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. ಆಮೇಲೆ ಅಪ್ಪ ನನ್ನನ್ನು ಕರೆದ. ದನಿ ಬೇರೆಯಾಗಿತ್ತು.

“ಸುಕ್ಕಿ, ನನ್ನ ಕೈ ಹಿಡಕೋ. ತ್ವಾಟಕ್ಕ ಹೋಗೂಣು.”

ಮನೆಯ ಹಿಂದೆ ನಮ್ಮ ಮಲ್ಲಿಗೆ ತೋಟ. ಬಾವಿಯ ಕಟ್ಟೆಯ ಮೇಲೆ ಅಪ್ಪನನ್ನು ಕೂರಿಸಿದೆ. ಅವನು ನನ್ನನ್ನು ಎದುರಿಗೆ ಕೂರಿಸಿಕೊಂಡು ಗದ್ದ ಹಿಡಿದು, ಹೆಬ್ಬೆರಳಿನಿಂದ ನನ್ನ ಎರಡೂ ರೆಪ್ಪೆಗಳನ್ನು ಸವರಿದ.

“ಖರೇನಾ?”

ನಾನು ಅವನ ಬೆರಳಿನ ಕೆಳಗೆ ಕಣ್ಣು ಮುಚ್ಚಿಕೊಂಡೆ.

“ಅಂಚಿನಿಂದ ಬರ್ತೈತೇನು? ಬಗಲಾಗ ನಿಂತೋರು ಕಾಣಂಗಿಲ್ಲ, ಹೌದಿಲ್ಲೋ? ನಂದೂ ಹಂಗ ಇತ್ತು. ಥೇಟ್ ನನ್ನಂಗ.” ಅಪ್ಪ ನನ್ನ ಕಡೆಗೆ ಸರಿದು ಕೂತ. “ನೀ ಹರಪನಹಳ್ಳಿಗೆ ಹೋಗಬ್ಯಾಡ. ನನ್ನ ಹಂತೇಕ ಇರು. ನಾ ಎಲ್ಲಾ ಕಲಿಸ್ತೀನಿ. ನನ್ನ ಮಗಳಿಗೆ ನಾನ ಕಲಿಸ್ತೀನಿ.”

ನಾನು ಅವನ ಮುಖ ನೋಡಿದೆ. ಅಪ್ಪ ನಗುತ್ತಿದ್ದ. ದುಃಖವೂ ಇತ್ತು, ಅದು ಸುಳ್ಳಲ್ಲ, ಆದರೆ ಅದರ ಮೇಲೆ ಒಂದು ಸಂತೋಷ ಉಕ್ಕಿ ಬಂದಿತ್ತು. ಹುಬ್ಬಳ್ಳಿಯಲ್ಲಿ ಎಲ್ಲೋ ತಪ್ಪಾಗಿದೆ, ದೇವರು ಕಣ್ಣು ತೆಗೆದುಕೊಂಡು ಮಗಳನ್ನು ಕೊಟ್ಟಿದ್ದಾನೆ, ಈಕೆ ನನ್ನ ರಕ್ತವೇ ಎಂದು ಅವನು ಆ ಗಳಿಗೆಯಲ್ಲಿ ನಂಬಿದ್ದ. ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮಾತು ಮುಗೀತು ಎಂದು ಆಣೆ ಮಾಡಿಸಿದವನ ಎದೆಯಲ್ಲಿ ಆ ಮಾತು ಒಂದು ದಿನವೂ ಮುಗಿದಿರಲಿಲ್ಲ.

ನಾನು ಸುಮ್ಮನೆ ಇದ್ದರೆ ಸಾಕಿತ್ತು. ಹೂಂ ಅಂದರೆ ಅಪ್ಪ ಪೂರ್ತಿ ನನ್ನವನು, ನಾನು ಪೂರ್ತಿ ಅವನವಳು. ನನ್ನ ಆಸೆಯೂ ಅದೇ ಆಗಿತ್ತು. ಹೂಂ ಎಂಬುದು ನಾಲಗೆಯ ಮೇಲೆ ಬಂದಿತ್ತು. ಆದರೆ ಅಪ್ಪ ಎಳೆ ಮಗುವಿನ ರೆಪ್ಪೆ ಸವರಿದ ಹಾಗೆ ನನ್ನ ರೆಪ್ಪೆ ಸವರುತ್ತಲೇ ಇದ್ದ. ಈ ಕಣ್ಣಿಗಾಗಿ ಹುಬ್ಬಳ್ಳಿಯ ಆಸ್ಪತ್ರೆಯ ಬಾಗಿಲ ಹೊರಗೆ ಒಬ್ಬನೇ ಕೂತವನು ಇವನೇ. ಅವನು ಅಷ್ಟು ಕೊಟ್ಟು ತಂದದ್ದನ್ನು ಇಲ್ಲ ಎನ್ನುವುದು ನನ್ನಿಂದ ಆಗಲಿಲ್ಲ.

“ಇಲ್ಲಪ್ಪಾ,” ಎಂದೆ. “ಸುಮಿಗೆ ಸುಳ್ಳು ಹೇಳಿದೆ. ಅಕಿ ಒಬ್ಬಾಕಿ ಆಗಬಾರ್ದು ಅಂತ. ನನಗ ಎಲ್ಲಾ ಚಲೋ ಕಾಣ್ತೈತಿ. ಮುಂದೂ ಕಾಣ್ತೈತಿ.”

ಅವನ ಬೆರಳು ನಿಂತಿತು.

“ಮುಂದೂ ಕಾಣ್ತೈತಿ ಅಂತ ನಿನಗ ಹೆಂಗ ಗೊತ್ತು?”

“ಅವ್ವ ಹೇಳ್ಯಾಳ.”

“ಏನು ಹೇಳ್ಯಾಳ?”

“ಎಲ್ಲಾ.”

ಅಪ್ಪ ನನ್ನ ಮುಖದಿಂದ ಕೈ ತೆಗೆದ. ತೊಡೆಯ ಮೇಲೆ ಇಟ್ಟುಕೊಂಡ. ನಾನು ಅವನ ಕೈ ಹಿಡಿಯಲು ಹೋದೆ, ಅದು ಕಟ್ಟಿಗೆಯಂತೆ ಬಿಗಿದಿತ್ತು.

“ಸುಮಿ ಅಂದಾಗ ನನಗ ಸಂತೋಷ ಆತು, ಸುಕ್ಕಿ. ಮಗಳ ಕಣ್ಣು ಹೊಂಟಾವ ಅಂದ್ರ ಸಂತೋಷ ಪಡೋ ಅಪ್ಪ ಎಲ್ಲಿದಾನ?”

“ಇಲ್ಲೇ ಅದಾನ. ನನ್ನ ಮುಂದ ಕುಂತಾನ.”

“ಹಿಂಗಂತ ಗೊತ್ತಾದ ಮ್ಯಾಲೂ ನನ್ನ ಅಪ್ಪಾ ಅಂತೀಯೇನು?”

“ಬ್ಯಾರೆ ಯಾರ್ನ ಅನ್ನಲಿ? ಆತನ ಮುಖಾನ ಗೊತ್ತಿಲ್ಲ.” ಅದು ಒರಟಾಯಿತು ಎಂದು ಕೂಡಲೇ ಅನಿಸಿತು. “ಗೊತ್ತಿದ್ರೂ ಅಂತಿದ್ದಿಲ್ಲ,” ಎಂದು ಸೇರಿಸಿದೆ. ನಾನು ಹೇಳಿದ್ದು ನಿಜವೇ. ಆದರೆ ಅಪ್ಪ ತಲೆಯಾಡಿಸಿದ ರೀತಿಯಲ್ಲಿ, ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡದ್ದು ಗೊತ್ತಾಗುತ್ತಿತ್ತು. ಇನ್ನು ಮುಂದೆ ನಾನು ಏನು ಹೇಳಿದರೂ ಅವನಿಗೆ ಆ ಅನುಮಾನ ಇದ್ದೇ ಇರುತ್ತದೆ. ಅದಕ್ಕೆ ಮದ್ದಿಲ್ಲ.

“ಸೋಮವಾರ ಹರಪನಹಳ್ಳಿಗೆ ಹೋಗು,” ಎಂದ. “ಅದಕ್ಕ ನಿನ್ನ ಹಡದದ್ದು.”

“ಸುಮಿಗೆ ಏನು ಹೇಳ್ಲಿ?”

“ಅದು ನನ್ನ ಮ್ಯಾಲ ಇರ್ಲಿ.”

ಹೊತ್ತು ಮುಳುಗುತ್ತಿತ್ತು. ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು ನಡೆದ. ಯಾವತ್ತಿನ ಹಾಗೆ ಭಾರ ಬಿಡಲಿಲ್ಲ, ಬೆರಳಷ್ಟೇ ತಾಗಿಸಿದ. ಪಡಸಾಲೆಗೆ ಬಂದಾಗ ದೀಪ ಇನ್ನೂ ಹಾಕಿರಲಿಲ್ಲ. ದೊಡ್ಡಪ್ಪ ಗೋಡೆಗೆ ಒರಗಿ ಕೂತಿದ್ದ. ಸುಮಿ ನಮ್ಮ ಸಪ್ಪಳದ ಕಡೆಗೆ ಮುಖ ತಿರುಗಿಸಿದಳು. ಅವಳ ದೃಷ್ಟಿ ನನ್ನ ಪಕ್ಕದ ಕಂಬದ ಮೇಲೆ ನಿಂತಿತ್ತು.

“ಯಾರು, ಸುಕ್ಕೀನಾ?” ಎಂದಳು.

ಅಪ್ಪ ತನ್ನ ಜಾಗದಲ್ಲಿ ಕೂತು ಗಂಟಲು ಸರಿಮಾಡಿಕೊಂಡ.

“ಅಣ್ಣಾ, ಇವಳದು ಏನೂ ಸುರು ಆಗಿಲ್ಲ. ಸುಮಿ ಹೆದರಬಾರ್ದು ಅಂತ ಹಂಗಂದಾಳ. ಇವಳಿಗೆ ನಮ್ಮವ್ವನ ಕಣ್ಣು ಬಂದಾವ. ಅವ್ವಗ ಕಡೀತನ ಕಾಣ್ತಿತ್ತಲ್ಲ, ಹಂಗ ಇವಳಿಗೂ ಕಾಣ್ತೈತಿ.”

“ಚಲೋ ಆತು ಬಿಡು ಪಾಲಾಕ್ಷಿ,” ಎಂದ ದೊಡ್ಡಪ್ಪ. “ನಮ್ಮ ಪೈಕಿ ಒಬ್ಬಾಕಿಗಾರ ಉಳೀತು.”

ಸುಮಿ ತಲೆ ತಗ್ಗಿಸಿದಳು. “ಅಜ್ಜಿ ಕಣ್ಣು ನನಗೂ ಬರಬೋದಿತ್ತು, ಅಲ್ಲೇನು ಕಾಕಾ?” ಎಂದಳು.

“ಬರಬೋದಿತ್ತು ಯವ್ವಾ,” ಎಂದ ಅಪ್ಪ.

ದನಿ ಒಂದಿಷ್ಟೂ ನಡುಗಲಿಲ್ಲ. ಹೂವಿನ ದರ ಹೇಳುವಾಗಿನ ದನಿ. ದೊಡ್ಡಪ್ಪನಿಗೂ ಸುಮಿಗೂ ಆ ದನಿಯಷ್ಟೇ ಸಿಕ್ಕಿತು. ನಾನು ನಿಂತಲ್ಲೇ ನಿಂತಿದ್ದೆ. ಅಪ್ಪನ ಕಣ್ಣೀರು ಗಲ್ಲದ ಮೇಲಿಂದ ಇಳಿದು ಗದ್ದದಿಂದ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ. ಆ ಪಡಸಾಲೆಯಲ್ಲಿ ಅದು ಕಾಣಿಸುತ್ತಿದ್ದದ್ದು ನನಗೊಬ್ಬಳಿಗೇ.